ಕಣ್ಣು ಕಟ್ಟಿ ಚುಟ್ಟ ಸೇದಿದ್ದು

ಮನುಷ್ಯನಿಗೆ ಸುಳ್ಳ ಅನ್ನಿ, ಜಿಪುಣ ಅನ್ನಿ, ಒಂದು ದಿನ ಮುಖ ಊದಿಸಿಕೊಂಡಿದ್ದು ಮರುದಿನ ಮರೆತಾನು. ಆದರೆ ‘ನಿನ್ನ ನಾಲಿಗೆಗೆ ರುಚಿ ಗೊತ್ತಾಗುವುದಿಲ್ಲ’ ಎಂದು ಮಾತ್ರ ಅನ್ನಬೇಡಿ. ಅದು ಮರ್ಮಕ್ಕೆ ತಗಲುವ ಮಾತು. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವ ಅಧಿಕಾರವೊಂದನ್ನು ಬಿಟ್ಟರೆ ನನ್ನ ವಯಸ್ಸಿನ ಗಂಡಸಿಗೆ ಮನೆಯಲ್ಲಿ ಬೇರೆ ಯಾವ ಅಧಿಕಾರ ಉಳಿದಿರುತ್ತದೆ, ನೀವೇ ಹೇಳಿ. ಕೊಟ್ಟೂರಿನ ನಮ್ಮ ಪಾತ್ರೆ ಅಂಗಡಿಯ ಕೀಲಿ ಮಗನ ಕೈಗೆ ಹೋಯಿತು. ಟೀವಿಯ ರಿಮೋಟು ಸೊಸೆಯ ಕೈಗೆ ಹೋಯಿತು. ಮಿಕ್ಕಿದ್ದೆಲ್ಲ ಮೊದಲಿನಿಂದಲೂ ಹೆಂಡತಿಯ ಕೈಯಲ್ಲೇ ಇತ್ತು. ನನ್ನ ಪಾಲಿಗೆ ಉಳಿದದ್ದು ಈ ನಾಲಿಗೆ ಮಾತ್ರ. ಅದನ್ನೂ ಬಿಡಲಿಲ್ಲ. ಹಾಡುಹಗಲೇ, ನನ್ನದೇ ಪಡಸಾಲೆಯಲ್ಲಿ, ನನ್ನದೇ ಟವೆಲಿನಿಂದ ನನ್ನ ಕಣ್ಣು ಕಟ್ಟಿ ಪರೀಕ್ಷೆ ಮಾಡಿದರು. ಅದಾಗಿ ತಿಂಗಳಾಗುತ್ತ ಬಂತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಚುಟ್ಟ ಸೇದುವವನು. ಈಗಿನವರಿಗೆ ಚುಟ್ಟ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿದೆ, ಅದೂ ಒಂದು ಸಂಕಟ. ಹೊಗೆಸೊಪ್ಪಿನ ಪುಡಿಯನ್ನು ಕಾಗದದಲ್ಲಿ ಸುತ್ತಿದರೆ ಸಿಗರೇಟು, ಬೇರೆ ಎಲೆಯಲ್ಲಿ ಸುತ್ತಿದರೆ ಬೀಡಿ, ಹೊಗೆಸೊಪ್ಪನ್ನು ಹೊಗೆಸೊಪ್ಪಿನಲ್ಲೇ ಸುತ್ತಿದರೆ ಚುಟ್ಟ. ಹೊರಗೊಂದು ಒಳಗೊಂದು ಇಲ್ಲದ ಪದಾರ್ಥ. ಆಂಧ್ರದ ಕಡೆಯಿಂದ ನಮ್ಮ ಸೀಮೆಗೆ ಬಂದದ್ದು. ಅದಕ್ಕೆ ಹೆಸರಿಲ್ಲ, ಚೀಟಿಯಿಲ್ಲ, ಬಣ್ಣದ ಪೊಟ್ಟಣವಿಲ್ಲ, ದಾರ ಬಿಗಿದ ಒಂದು ಕಟ್ಟು ಅಷ್ಟೇ. ಡಾಕ್ಟರು ಬೇಡ ಅನ್ನುತ್ತಾರೆ. ಅವರು ಹೇಳುವುದೇ ಸರಿ, ನಾನು ವಾದಕ್ಕೆ ಹೋಗುವುದಿಲ್ಲ. ದಿನಕ್ಕೆ ಒಂದಕ್ಕೆ ಇಳಿಸಿದ್ದೇನೆ. ಆ ಒಂದಾದರೂ ಒಳ್ಳೆಯದಿರಲಿ ಎಂಬ ಕಾರಣಕ್ಕೆ ಮಂಗಳವಾರ ಮಂಗಳವಾರ ಕೊಟ್ಟೂರಿನಲ್ಲಿ ಬಸ್ ಹತ್ತಿ, ಕೂಡ್ಲಿಗಿಯಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು ಕಾನಹೊಸಹಳ್ಳಿಗೆ ಹೋಗಿ ಒಂದು ಕಟ್ಟು ಚುಟ್ಟ ತರುತ್ತಿದ್ದೆ. ಮಂಗಳವಾರ ನಮ್ಮ ಅಂಗಡಿಗೆ ರಜೆ. ಮಗ ಸಾಮಾನು ತರಲು ದಾವಣಗೆರೆಗೆ ಹೋದರೆ ನಾನು ಚುಟ್ಟ ತರಲು ಕಾನಹೊಸಹಳ್ಳಿಗೆ.

“ಕೊಟ್ಟೂರಾಗ ಚುಟ್ಟ ಸಿಗಂಗಿಲ್ಲೇನು? ಬಿಸಿಲಾಗ ಅಷ್ಟು ದೂರ ಯಾಕ ಹೋಗಬೇಕು?” ಎಂದು ನನ್ನ ಹೆಂಡತಿ ಗಿರಿಜಮ್ಮ ಆಗಾಗ ಕೇಳುತ್ತಿದ್ದಳು. ನೀರು ಎಲ್ಲ ಊರಲ್ಲೂ ಸಿಗುತ್ತದೆ, ಹಾಗಂತ ಎಲ್ಲ ಊರಿನ ನೀರಿಗೂ ಬೇಳೆ ಬೇಯುತ್ತದೆಯೇ? ಕಾನಹೊಸಹಳ್ಳಿಯ ಚುಟ್ಟಕ್ಕೆ ಒಂದು ಗುಣವಿದೆ ಎಂದು ನಾನು ಆಕೆಗೆ ಬಿಡಿಸಿ ಬಿಡಿಸಿ ಹೇಳಿದ್ದೆ. ತಂದ ದಿನ ಅದನ್ನು ಮುಟ್ಟಬಾರದು. ಎರಡು ದಿನ ಮನೆಯಲ್ಲಿ ಸುಮ್ಮನೆ ಮಲಗಲು ಬಿಡಬೇಕು. ಆಮೇಲೆ ಸೇದಿದರೆ ಮೊದಲು ಖಾರ, ಆಮೇಲೆ ಒಗರು, ಕೊನೆಗೆ ನಾಲಿಗೆಯ ಬುಡದಲ್ಲಿ ಒಂದು ಹುರಿದ ಘಮ. ಅದು ಆ ಮಣ್ಣಿನ ಗುಣ, ಹಗರಿಬೊಮ್ಮನಹಳ್ಳಿಯ ಚುಟ್ಟದಲ್ಲಿ ಬರುವುದಿಲ್ಲ, ಹರಪನಹಳ್ಳಿಯದರಲ್ಲಂತೂ ಕೇಳಲೇಬೇಡಿ ಎನ್ನುತ್ತಿದ್ದೆ. ಹೊಗೆಸೊಪ್ಪು ಬೆಳೆದದ್ದು ಆ ಮಣ್ಣಿನಲ್ಲೇ ಹೌದೋ ಅಲ್ಲವೋ ಎಂದು ನಾನೂ ವಿಚಾರಿಸಿರಲಿಲ್ಲ. ಅಂಥದ್ದನ್ನೆಲ್ಲ ವಿಚಾರಿಸುತ್ತ ಕೂತರೆ ಜಗತ್ತಿನಲ್ಲಿ ಯಾವ ಸಿದ್ಧಾಂತವೂ ನಿಲ್ಲುವುದಿಲ್ಲ.

ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಕಾನಹೊಸಹಳ್ಳಿಯಲ್ಲಿ ಹೈವೇ ಪಕ್ಕ ಒಂದು ಹೋಟೆಲಿದೆ. ಅದರ ಮುಂದೆ ಬೇವಿನ ನೆರಳಿನಲ್ಲಿ ಒಂದು ಕಲ್ಲುಬೆಂಚು. ಮಂಡಕ್ಕಿ, ಬಿಸಿ ಮಿರ್ಚಿ, ಕಡಕ್ ಚಹಾ. ಮಾತಿಗೆ ನನ್ನ ಹಾಗೆಯೇ ಅಂಗಡಿಯ ಕೀಲಿ ಕಳೆದುಕೊಂಡ ಇಬ್ಬರು ಮೂವರು ಗೆಳೆಯರು. ಅಲ್ಲಿ ಯಾರೂ ‘ಕಾಲು ಮಡಚಿಕೊಳ್ರಿ, ಕಸ ಹೊಡೀಬೇಕು’ ಎನ್ನುವುದಿಲ್ಲ. ಲಾರಿಗಳನ್ನು ನೋಡುತ್ತ ದೇಶದ ಬಗ್ಗೆ ಏನು ಬೇಕಾದರೂ ಹೇಳಬಹುದು, ಲಾರಿಗಳು ನಿಂತು ಕೇಳುವುದಿಲ್ಲ. ವಾರದ ಆರು ದಿನ ನಾನು ಬದುಕುತ್ತಿದ್ದದ್ದು ಆ ಏಳನೆಯ ದಿನದ ಆಸೆಯಿಂದ.

ಇದಕ್ಕೆಲ್ಲ ಕಲ್ಲು ಬಿದ್ದದ್ದು ಸೊಸೆ ಸುಮಾಳ ಫೋನಿನಿಂದ. ಒಂದು ಸಂಜೆ ಆಕೆ “ಮಾವಾರ, ನಿಮ್ಮ ಪೈಕಿ ಒಬ್ಬ ಅದಾನ ನೋಡ್ರಿ” ಎಂದು ವಿಡಿಯೊ ಒಂದನ್ನು ನನ್ನ ಮುಂದೆ ಹಿಡಿದಳು. ಯಾವುದೋ ದೇಶದ ಒಬ್ಬ ಬೋಳುತಲೆಯವನು ಚರ್ಮದ ಕುರ್ಚಿಯಲ್ಲಿ ಕೂತು, ಚೀಟಿ ಕಿತ್ತ ದಪ್ಪ ಸಿಗಾರೊಂದನ್ನು ಮೂಗಿನ ಕೆಳಗೆ ಕೊಳಲಿನ ಹಾಗೆ ಎಳೆದಾಡುತ್ತಿದ್ದ. ಯಾವ ಕಂಪನಿಯದೆಂದು ಅವನಿಗೂ ಗೊತ್ತಿಲ್ಲವಂತೆ. ಒಂದು ಜುರುಕಿ ಎಳೆಯುವುದು, ಪಕ್ಕದ ಗ್ಲಾಸಿನಿಂದ ಒಂದು ಗುಟುಕು ಕುಡಿಯುವುದು, ಕಣ್ಣು ಮುಚ್ಚುವುದು. ಅವನು ಹೇಳುತ್ತಿದ್ದದ್ದನ್ನು ಸುಮಾ ಕನ್ನಡದಲ್ಲಿ ಹೇಳಿದಳು: ತೊಗಲಿನ ವಾಸನೆ ಬರುತ್ತಿದೆ, ಕಾಫಿ ಬರುತ್ತಿದೆ, ಒದ್ದೆ ಮಣ್ಣು ಬರುತ್ತಿದೆ, ಈ ಪಾನೀಯದ ಜೊತೆ ಒಳ್ಳೆಯ ಜೋಡಿ, ನೂರಕ್ಕೆ ತೊಂಬತ್ತು ಅಂಕ. ಅದನ್ನು ಲಕ್ಷಗಟ್ಟಲೆ ಜನ ನೋಡಿದ್ದಾರಂತೆ! ನನಗೆ ಮೈಯೆಲ್ಲ ಉರಿಯಿತು. ತೊಗಲಿನ ವಾಸನೆ ಬೇಕಾದರೆ ಚಪ್ಪಲಿ ಮೂಸಬಹುದಲ್ಲ, ಸಿಗಾರು ಯಾಕೆ? ಇಷ್ಟು ವರ್ಷದಿಂದ ನಾನು ಇದೇ ಮಾತು ಹೇಳಿದರೆ ಮನೆಯಲ್ಲಿ ಯಾರೂ ತಿರುಗಿ ನೋಡಿಲ್ಲ. ಅವನು ಹೇಳಿದರೆ ವಿದ್ಯೆ, ನಾನು ಹೇಳಿದರೆ ತಲೆಹರಟೆ.

“ಇದೇನು ಮಹಾ? ಕಣ್ಣು ಕಟ್ಟಿದರೂ ನಾನು ನನ್ನ ಕಾನಹೊಸಹಳ್ಳಿ ಚುಟ್ಟ ಯಾವದು ಅಂತ ಹೇಳತೀನಿ” ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು ಎನ್ನುವುದು ಇದಕ್ಕೇ.

ಒಳಗಿನಿಂದ ಗಿರಿಜಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. “ಹಂಗಾದ್ರ ನೋಡೇ ಬಿಡೂಣು. ನಾಕು ಊರಿನ ಚುಟ್ಟ ಇಡತೀನಿ. ನಿಮ್ಮದು ಯಾವದು ಅಂತ ಸರಿಯಾಗಿ ಹೇಳಿದ್ರ ಮುಂದ ನಾನು ತುಟಿ ಪಿಟಕ್ ಅನ್ನಂಗಿಲ್ಲ. ತಪ್ಪಿದ್ರ ಮಂಗಳವಾರದ ಸವಾರಿ ಬಂದ್. ಕೊಟ್ಟೂರಿನ ಚುಟ್ಟ ಸೇದಿಕೊಂಡು ಮನ್ಯಾಗ ಇರಬೇಕು.”

ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ? ಹಾಗಾದರೆ ನನ್ನ ಕಟ್ಟಿನಿಂದಲೇ ಒಂದು ತೆಗೆದುಕೊಳ್ಳಿ ಎಂದೆ. “ನಿಮ್ಮ ಕಟ್ಟಿನವು ಬ್ಯಾಡ, ಗುರುತು ಮಾಡಿರತೀರಿ” ಎಂದಳು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನ ಮೇಲೆ ಇಡುವ ನಂಬಿಕೆ ನೋಡಿ! ಚುಟ್ಟ ತರುವ ಕೆಲಸವನ್ನು ನನ್ನ ಗೆಳೆಯ ಖಾದರ್‌ಸಾಬನಿಗೆ ವಹಿಸಿದರು. ಅವನು ಪಂಪ್‌ಸೆಟ್ಟಿನ ಮೋಟರು ರಿಪೇರಿಯವನು, ದಿನಾ ನಾಲ್ಕು ಊರು ತಿರುಗುವವನು, ಶಾಲೆಯಲ್ಲಿ ನನ್ನ ಪಕ್ಕ ಕೂತವನು. ನನ್ನ ಪರವಾಗಿ ಒಂದು ಕೆಮ್ಮಾದರೂ ಕೆಮ್ಮಿಯಾನು ಎಂದು ನಂಬಿದ್ದೆ. ಅವನು “ಅಕ್ಕಾರು ಹೇಳ್ಯಾರ, ನ್ಯಾಯ ಅಂದ್ರ ನ್ಯಾಯ” ಎಂದು ಅವರ ಕಡೆ ಸೇರಿಕೊಂಡ. ಅವನಿಗೆ ನಮ್ಮ ಮನೆಯ ಹೋಳಿಗೆಯ ರುಚಿ ಗೊತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪರೀಕ್ಷೆ. ವಿಡಿಯೊದವನ ಪಕ್ಕ ಗ್ಲಾಸು ಇತ್ತಲ್ಲ, ನಮ್ಮಲ್ಲೂ ಇರಬೇಕು ಎಂದು ಸುಮಾ ಪಟ್ಟು ಹಿಡಿದು ಚಹಾ, ಮಜ್ಜಿಗೆ, ಲಿಂಬು ಶರಬತ್ತು, ಬೆಲ್ಲದ ಪಾನಕ ಎಲ್ಲವನ್ನೂ ಸಾಲಾಗಿ ಇಟ್ಟಳು. ನನ್ನ ಕಣ್ಣು ಕಟ್ಟಿದರು. ಖಾದರ್ ಚುಟ್ಟ ಹಚ್ಚಿ ಕೈಗೆ ಕೊಡುವುದು, ನಾನು ಸೇದುವುದು, ಸೊಸೆ ಗ್ಲಾಸು ಹಿಡಿಸುವುದು.

ಮೊದಲನೆಯದನ್ನು ಎಳೆದೆ. ಮೂಗಿಗೆ ವಾರ್ನಿಶ್ ಬಡಿಯಿತು. “ಇದು ಹಗರಿಬೊಮ್ಮನಹಳ್ಳಿದು. ಒಳಗ ಏನೋ ಬೆರಕಿ ಐತಿ, ಹೊಟ್ಟ್ಯಾಗ ತೊಳಸತೈತಿ. ಇದಕ್ಕ ಮಜ್ಜಿಗಿನ ಮದ್ದು” ಎಂದೆ. ಖಾದರ್ ಮೆಲ್ಲಗೆ, “ಲೇ ಬಸಣ್ಣ, ಅದು ನನ್ನ ಕೈ ವಾಸನಿ. ಮುಂಜಾನಿ ಒಂದು ಮೋಟರಿಗೆ ವಾರ್ನಿಶ್ ಹೊಡದೀನಿ” ಎಂದ. ಎಂಥ ಅನ್ಯಾಯ! ಪರೀಕ್ಷೆ ನಡೆಸುವವನು ಕೈ ತೊಳೆಯಬಾರದೇ? ನಾನು ಗಲಾಟೆ ಮಾಡಿ ಅವನನ್ನು ಬಚ್ಚಲಿಗೆ ಕಳಿಸಿದೆ. ಎರಡನೆಯದು ಪಾನಕದ ಜೊತೆ. ಹುಲ್ಲು ಸುಟ್ಟ ಹಾಗಿತ್ತು. ಹರಪನಹಳ್ಳಿಯದು, ದಾವಣಗೆರೆಯ ಗಾಳಿ ಬಡಿದು ಸಪ್ಪಗಾಗಿದೆ ಎಂದೆ. ಮೂರನೆಯದು ಶರಬತ್ತಿನ ಜೊತೆ. ಹಳೆಯ ಗೋಣಿಚೀಲದ ಮುಗ್ಗಲು. “ಇದು ನಮ್ಮ ಕೊಟ್ಟೂರಿಂದು. ಇಂಥಾದ್ದನ್ನ ನನಗ ಜೀವನಪೂರ್ತಿ ಸೇದು ಅಂತೀರಲ್ಲ, ನಿಮಗ ಕರುಣಿ ಇಲ್ಲೇನು?” ಎಂದು ಕೇಳಿದೆ.

ನಾಲ್ಕನೆಯದನ್ನು ಎಳೆದೆ ನೋಡಿ. ಮೊದಲು ಖಾರ. ಆಮೇಲೆ ಒಗರು. ಒಂದು ಗುಟುಕು ಚಹಾ. ನಾಲಿಗೆಯ ಬುಡದಲ್ಲಿ ಅದೇ, ಅದೇ ಹುರಿದ ಘಮ! ಕಟ್ಟಿದ ಟವೆಲಿನೊಳಗೇ ನನಗೆ ಕಣ್ಣೀರು ಬಂತು. ಹೈವೇ ಕಂಡಿತು, ಬೇವಿನ ನೆರಳು ಕಂಡಿತು. “ಇದು! ಇದು ಕಾನಹೊಸಹಳ್ಳಿದು! ಆಣಿ ಮಾಡಿ ಹೇಳತೀನಿ. ಈ ಘಮ ಆ ಮಣ್ಣಿಗೆ ಬಿಟ್ರ ಭೂಮಿ ಮ್ಯಾಲ ಎಲ್ಲೂ ಇಲ್ಲ. ನೂರಕ್ಕ ನೂರು!” ಎಂದು ಟವೆಲ್ ಕಿತ್ತೊಗೆದೆ.

ಸುಮಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಖಾದರ್ ಮಾಡಿನ ಜಂತೆ ಎಣಿಸುತ್ತಿದ್ದ. ಗಿರಿಜಮ್ಮ ಮಾತ್ರ ಸಮಾಧಾನದಿಂದ, “ಅದು ಕೊಟ್ಟೂರಿಂದು. ನಮ್ಮ ಓಣಿ ತುದಿ ಅಂಗಡ್ಯಾಗ ನಾನಾ ತಂದೀನಿ. ನೀವು ಗೋಣಿಚೀಲ ಅಂದ್ರಲ್ಲ, ಅದು ಕಾನಹೊಸಹಳ್ಳಿದು” ಎಂದಳು.

ನಾನು ಹಾರಾಡಿದೆ. ಮೋಸ ಎಂದೆ. ಖಾದರ್ ಅದಲುಬದಲು ಮಾಡಿದ್ದಾನೆ ಎಂದೆ. ಅವನು ಅಲ್ಲಾನ ಮೇಲೆ ಆಣೆ ಮಾಡಿದ. ನನ್ನದು ಒಂದೇ ಪ್ರಶ್ನೆ: ಓಣಿ ತುದಿಯ ದರಿದ್ರ ಚುಟ್ಟಕ್ಕೆ ಆ ಘಮ ಬಂದದ್ದು ಎಲ್ಲಿಂದ? ಗಿರಿಜಮ್ಮನೂ ಸ್ವಲ್ಪ ಯೋಚಿಸಿದಳು. ಖಾದರ್ ತಂದ ಮೂರು ಬೆಳಿಗ್ಗೆಯಷ್ಟೇ ಬಂದು ಕಾಗದದಲ್ಲೇ ಇದ್ದವು. ತಾನು ಕೊಂಡದ್ದನ್ನು ಮಾತ್ರ ಆಕೆ ಎರಡು ದಿನ ಮೊದಲೇ ತಂದು, ನನ್ನ ಚುಟ್ಟಗಳನ್ನು ಯಾವಾಗಲೂ ಹಾಕಿಟ್ಟು ದಿನಕ್ಕೊಂದರಂತೆ ತಾನೇ ತೆಗೆದುಕೊಡುವ ಡಬ್ಬಿಯಲ್ಲೇ ಹಾಕಿದ್ದಳು. ಸುಮಾ ಓಡಿಹೋಗಿ ಆ ಡಬ್ಬಿ ತಂದು ಮುಚ್ಚಳ ತೆಗೆದಳು. ಪಡಸಾಲೆಯ ತುಂಬ ಘಮ್ಮೆಂದಿತು. ಬೆಳ್ಳುಳ್ಳಿ, ಹುರಿದ ಶೇಂಗಾ, ಒಣಮೆಣಸಿನಕಾಯಿ.

“ಶೇಂಗಾ ಚಟ್ನಿಪುಡಿ ಹಳೇ ಡಬ್ಬಿರಿ ಅದು” ಎಂದಳು ಗಿರಿಜಮ್ಮ. “ನಿಮ್ಮ ಚುಟ್ಟ ಮನಿ ತುಂಬ ನಾತ ಹೊಡಿತಿದ್ವು. ಮುಚ್ಚಳ ಗಟ್ಟಿ ಇರೋದು ಅದೊಂದಾ ಡಬ್ಬಿ.”

ಅಂದರೆ ಮಹಾಜನರೇ, ಇಷ್ಟು ವರ್ಷ ಎರಡು ಬಸ್ಸು ಹತ್ತಿ ಇಳಿದು, ಧೂಳು ಕುಡಿದು, ನಾನು ಕಾನಹೊಸಹಳ್ಳಿಯ ಮಣ್ಣಿನ ಗುಣವೆಂದು ಕೊಂಡಾಡುತ್ತಿದ್ದದ್ದು ನಮ್ಮ ಅಡುಗೆಮನೆಯ ಚಟ್ನಿಪುಡಿಯನ್ನು! ಇದರಲ್ಲಿ ನನ್ನ ನಾಲಿಗೆಯ ತಪ್ಪೇನಿದೆ ಎಂದು ನಾನು ಈಗಲೂ ಕೇಳುತ್ತೇನೆ. ನಾಲಿಗೆ ಇದ್ದ ಘಮವನ್ನು ಇದೆ ಎಂದಿತು. ವಿಳಾಸ ಮಾತ್ರ ತಪ್ಪಿತು. ವಿಡಿಯೊದ ಆ ಬೋಳುತಲೆಯವನ ಹೆಂಡತಿ ಸಿಗಾರನ್ನು ಯಾವ ಡಬ್ಬಿಯಲ್ಲಿ ಇಡುತ್ತಾಳೋ ಯಾರಾದರೂ ವಿಚಾರಿಸಿದ್ದಾರೆಯೇ? ಆದರೆ ನನ್ನ ಮೇಲ್ಮನವಿಯನ್ನು ಕೇಳುವ ಕೋರ್ಟು ನಮ್ಮ ಮನೆಯಲ್ಲಿರಲಿಲ್ಲ. ಮಂಗಳವಾರದ ಸವಾರಿ ಬಂದ್ ಆಯಿತು.

ಆಡಿದ ಮಾತಿಗೆ ತಪ್ಪುವ ವಂಶ ನಮ್ಮದಲ್ಲ. ಮಂಗಳವಾರ ಮನೆಯಲ್ಲೇ ಕೂತೆ. ಸುಮ್ಮನೆ ಕೂಡಲು ಆಗುತ್ತದೆಯೇ? ಸೊಸೆ ಒಗ್ಗರಣೆ ಹಾಕುವಾಗ ಸಾಸಿವೆ ಸಿಡಿಯುವ ಮೊದಲೇ ಕರಿಬೇವು ಹಾಕುವುದು ನನಗೆ ಆವರೆಗೆ ಗೊತ್ತೇ ಇರಲಿಲ್ಲ, ತಿದ್ದಿದೆ. ತರಕಾರಿಯವನ ಗಾಡಿ ಬಂದಾಗ ಹೊರಗೆ ಹೋಗಿ ಬದನೆಕಾಯಿ ಆರಿಸುವ ಕ್ರಮ ಹೇಳಿಕೊಟ್ಟೆ. ಮಧ್ಯಾಹ್ನ ಓಣಿಯ ಹೆಂಗಸರು ನಾಲ್ಕೈದು ಜನ ನಗುತ್ತ ಒಳಗೆ ಬಂದವರು ನನ್ನನ್ನು ಕಂಡು ‘ಆಮ್ಯಾಲ ಬರತೀವಿ ತಗೋರಿ’ ಎಂದು ಹೊಸ್ತಿಲಿನಿಂದಲೇ ತಿರುಗಿದರು. ಯಾಕೆ, ಬನ್ನಿ, ಕೂತುಕೊಳ್ಳಿ ಎಂದು ನಾನೇ ಕರೆದೆ. ಬರಲಿಲ್ಲ. ಮುಂದಿನ ಮಂಗಳವಾರ ರೊಟ್ಟಿ ಬಡಿಯುವ ಸದ್ದು ಲಯ ತಪ್ಪುತ್ತಿದೆ ಎಂದು ಹೇಳಿದ್ದು ಹೌದು. ಒಳ್ಳೆಯದಕ್ಕೇ ಹೇಳಿದ್ದು. ಅದರ ಮುಂದಿನ ಮಂಗಳವಾರ ಡಬ್ಬಿಗಳನ್ನೆಲ್ಲ ಇಳಿಸಿ, ಯಾವುದರಲ್ಲಿ ಏನಿರಬೇಕು ಎಂದು ನಾನೇ ಒಂದು ಹೊಸ ವ್ಯವಸ್ಥೆ ಮಾಡಿಟ್ಟೆ. ಒಂದು ಒಳ್ಳೆಯ ಮಾತು ಬೇಡವೇ? ಯಾರ ಬಾಯಿಂದಲೂ ಬರಲಿಲ್ಲ.

ಮೊನ್ನೆಯ ಮಂಗಳವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗಿರಿಜಮ್ಮ ನನ್ನ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ದಳು. ಪಕ್ಕದಲ್ಲಿ ಕೈಚೀಲ, ಅದರಲ್ಲಿ ರೊಟ್ಟಿಯ ಗಂಟು, ನೀರಿನ ಬಾಟಲಿ.

“ಯಾಕೋ ಈ ಕೊಟ್ಟೂರು ಚುಟ್ಟ ಸರಿ ಬರವಲ್ದು. ನೀವು ಕಾನಹೊಸಹಳ್ಳಿಗೇ ಹೋಗಿ ತರ್ರಿ” ಎಂದಳು.

ಎಂಥ ಸಿಟ್ಟು ಬಂತು ನನಗೆ! “ಯಾಕ ಹೋಗಲಿ? ಕಾನಹೊಸಹಳ್ಳಿದೂ ಒಂದಾ, ಕೊಟ್ಟೂರಿಂದೂ ಒಂದಾ ಅಂತ ನೀನಾ ಕಣ್ಣು ಕಟ್ಟಿ ತೋರಿಸೀದಿ. ಫರಕಾ ಇಲ್ಲ ಅಂದಮ್ಯಾಲ ಬಸ್ ಚಾರ್ಜ್ ಯಾಕ ದಂಡ?”

“ಫರಕ್ ನಿಮಗ ಗೊತ್ತಾಗಂಗಿಲ್ರಿ” ಎಂದಳು ಆಕೆ, ಕೈಚೀಲವನ್ನು ನನ್ನ ಹೆಗಲಿಗೆ ಹಾಕುತ್ತ. “ನಮಗ ಗೊತ್ತಾಗತೈತಿ.”

ಒಳಗೆ ಸುಮಾ ಓಣಿಯ ಯಾರಿಗೋ ಫೋನಿನಲ್ಲಿ “ಹೂಂ ರೀ, ಹೊಂಟ್ರು, ಬರ್ರಿ” ಎನ್ನುತ್ತಿದ್ದಳು. ವರ್ಷಗಟ್ಟಲೆ ನಾನು ಉಪಾಯದಿಂದ ಮನೆಯಿಂದ ತಪ್ಪಿಸಿಕೊಂಡು ಹೋಗುತ್ತಿದ್ದೇನೆಂದು ಒಳಗೊಳಗೇ ಬೀಗುತ್ತಿದ್ದೆನಲ್ಲ, ಅಷ್ಟೂ ದಿನ ಮನೆಯೇ ನನ್ನಿಂದ ತಪ್ಪಿಸಿಕೊಂಡು ಹಾಯಾಗಿತ್ತು. ಇಂಥ ಅವಮಾನವನ್ನು ಯಾವ ಗಂಡಸು ಸಹಿಸಿಯಾನು? ಈ ಮನೆಯ ಹೊಸ್ತಿಲು ದಾಟುವುದಿಲ್ಲ, ಇಲ್ಲೇ ಕಂಬಕ್ಕೆ ಅಂಟಿಕೊಂಡು ಕೂಡುತ್ತೇನೆ ಎಂದು ಗುಡುಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೂಡ್ಲಿಗಿ ಬಸ್ಸಿನ ಹಾರ್ನ್ ಕೇಳಿಸಿತು. ಗುಡುಗುವುದನ್ನು ಸಂಜೆಗೆ ಇಟ್ಟುಕೊಂಡು ಚಪ್ಪಲಿ ಮೆಟ್ಟಿ ಓಡಿದೆ.