ಮೇಷ್ಟ್ರು ಓದಿದ ಟ್ಯಾಂಕಿನ ಗ್ರಾಫು

ರಜೆಯ ಮೊದಲ ದಿನ ಹಾಲು ತರಲು ಕೆಳಗಿಳಿದ ಗಣಿತದ ಮೇಷ್ಟ್ರು ಸುಮ್ಮನೆ ಹಾಲು ತಗೊಂಡು ಮೇಲೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮೆಟ್ಟಿಲ ಬಳಿಯ ಗೋಡೆಗೆ ಯಾರೋ ಒಂದು ಗ್ರಾಫ್ ಅಂಟಿಸಿದ್ದರು. ಮೇಲ್ಮನೆಯ ಬಸ್ ಕಂಡಕ್ಟರು ಅದರ ಮುಂದೆ ನಿಂತು ಕೆಳಮನೆಯ ಟೈಲರಮ್ಮನಿಗೆ ಪಾಠ ಹೇಳುತ್ತಿದ್ದ.

“ಗೆರೆ ಮೇಲಕ್ಕೆ ಹೋದಾಗೆಲ್ಲ ಯಾರೋ ನೀರು ಕದ್ದಿದಾರೆ ಅಂತ ಅರ್ಥ ಕಣಮ್ಮಾ.”

ಅನ್ನದಲ್ಲಿ ಕಲ್ಲು ಕಚ್ಚಿದವರ ಹಾಗಾಯಿತು ಮೇಷ್ಟ್ರ ಮುಖ.

ಗ್ರಾಫಿನ ಮೇಲೆ ಕಟ್ಟಡದ ಕಾರ್ಯದರ್ಶಿಗಳ ಕೈಬರಹವಿತ್ತು: ‘ಟ್ಯಾಂಕಿಗೆ ಕೂರಿಸಿದ ಹೊಸ ಯಂತ್ರ ತೋರಿಸಿದ ನೀರಿನ ಮಟ್ಟ, ಕಳೆದ ಸೋಮವಾರದ್ದು. ನೀರು ಪೋಲು ಮಾಡುವವರು ಪತ್ತೆಯಾದರೆ ಅವರ ಮನೆಯ ನೀರು ಒಂದು ವಾರ ಬಂದ್.’ ಇಷ್ಟು ಅಂಟಿಸಿ ಅವರು ಬೆಳಿಗ್ಗೆಯೇ ಡಾಕ್ಟರ ಬಳಿ ಹೋಗಿದ್ದರಂತೆ.

“ಏನ್ರೀ ನೀವು!” ಮೇಷ್ಟ್ರು ಹಾಲಿನ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟರು. “ಗೆರೆ ಏರಿದ್ರೆ ಟ್ಯಾಂಕ್ ತುಂಬ್ತಿದೆ ಅಂತ. ಇಳಿದ್ರೆ ಖಾಲಿ ಆಗ್ತಿದೆ ಅಂತ. ಎಡದಿಂದ ಬಲಕ್ಕೆ ಓದ್ಬೇಕು, ಅಡ್ಡಗೆರೆ ಮೇಲೆ ಗಂಟೆ, ಉದ್ದಗೆರೆ ಮೇಲೆ ಮಟ್ಟ.”

“ಮತ್ತೆ ಈ ನೆಟ್ಟಗೆ ಮಲಗಿರೋದು?” ಎಂದಳು ಟೈಲರಮ್ಮ.

“ರಾತ್ರಿ. ಯಾರೂ ನೀರು ಮುಟ್ಟಿಲ್ಲ, ಮಟ್ಟ ಬದಲಾಗಿಲ್ಲ. ಇಲ್ಲಿ ನೋಡಿ, ಎಂಟರಿಂದ ಒಂಬತ್ತು, ಏರಿಕೆ. ಮೋಟರ್ ಹಾಕಿದಾರೆ. ಶಿಖರ ಇನ್ನೂರ ನಲವತ್ತು. ಅತಿ ಕಡಿಮೆ ಎಂಬತ್ತು. ಸೆಂಟಿಮೀಟರು ಇರ್ಬೇಕು.”

“ಅಯ್ಯೋ, ಸೋಮವಾರ ಮಧ್ಯಾಹ್ನ ನಮ್ಮನೆ ನಲ್ಲೀಲಿ ಒಂದು ಹನಿ ಬರ್ಲಿಲ್ಲ ಮೇಷ್ಟ್ರೇ!”

“ಗೆರೆ ಸೊನ್ನೆ ಮುಟ್ಟೇ ಇಲ್ವಲ್ಲಮ್ಮಾ. ನೀವು ಹೇಳೋದು ನಂಬಲೋ, ಗ್ರಾಫ್ ಹೇಳೋದು ನಂಬಲೋ?”

ಟೈಲರಮ್ಮ ಬಾಯಿಗೆ ಹೊಲಿಗೆ ಹಾಕಿಕೊಂಡಳು. ಆದರೆ ಗೆರೆಯನ್ನು ಬಟ್ಟೆಯ ಅಂಚು ನೋಡುವ ಹಾಗೆ ಬೆರಳಿಟ್ಟು ಸವರುತ್ತಲೇ ಇದ್ದಳು. ಮೇಷ್ಟ್ರಿಗೆ ಹುರುಪು ಬಂತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಯಾವ ತರಗತಿಯೂ ಇಷ್ಟು ಗಮನವಿಟ್ಟು ಕೇಳಿರಲಿಲ್ಲ.

“ಇಳಿಜಾರು ಎಲ್ಲಿ ಕಡಿದಾಗಿದೆಯೋ ಅಲ್ಲೇ ಕಳ್ಳ. ಇದನ್ನ ನೆನಪಿಟ್ಕೊಳ್ಳಿ. ಇಲ್ಲಿ ನೋಡಿ, ಹತ್ತರಿಂದ ಹನ್ನೊಂದು! ಜಾರುಬಂಡೆ!”

“ಆಗ ನಾನು ಡ್ಯೂಟೀಲಿ,” ಎಂದ ಕಂಡಕ್ಟರು.

“ನಾನು ಅಂಗಡೀಲಿ,” ಎಂದಳು ಟೈಲರಮ್ಮ.

“ಕಾರ್ಯದರ್ಶಿಗಳು ಆಫೀಸಲ್ಲಿ, ನಾನು ಶಾಲೇಲಿ,” ಎಂದು ಮೇಷ್ಟ್ರು ಬೆರಳು ಮಡಿಚಿದರು. ಆಮೇಲೆ ಮಡಿಚಿದ ಬೆರಳು ಹಾಗೇ ನಿಂತಿತು.

ಇದ್ದದ್ದೇ ನಾಲ್ಕು ಮನೆ. ಆ ಹೊತ್ತಿನಲ್ಲಿ ಬಾಗಿಲು ತೆರೆದಿದ್ದದ್ದು ಮೇಷ್ಟ್ರದ್ದು ಮಾತ್ರ, ಒಳಗಿದ್ದದ್ದು ಅವರ ಅಕ್ಕ.

“ನಮ್ಮಕ್ಕ ಅಂಥವಳಲ್ಲ,” ಎಂದರು ಮೇಷ್ಟ್ರು.

“ನೀವು ಹೇಳೋದು ನಂಬಲೋ, ಗ್ರಾಫ್ ಹೇಳೋದು ನಂಬಲೋ?” ಎಂದಳು ಟೈಲರಮ್ಮ.

ಗದ್ದಲ ಕೇಳಿ ಅಕ್ಕ ಕೆಳಗಿಳಿದು ಬಂದಳು. “ಏನೋ ಅದು? ಹಾಲಿಗೆ ಹೋದವನು ಹಸು ಹುಡುಕ್ತಿದೀಯಾ?”

“ಅಕ್ಕಾ, ಸೋಮವಾರ ಹತ್ತು ಗಂಟೆಗೆ ಏನ್ ಮಾಡ್ತಿದ್ದೆ?”

“ಎರಡು ರವಿಕೆ ಒಗೆದು ಹಾಕ್ದೆ. ಯಾಕೆ?”

“ಎರಡು ರವಿಕೆಗೆ ಇಷ್ಟು ಇಳಿಯಲ್ಲಕ್ಕಾ...”

“ನನ್ನನ್ನ ಕಳ್ಳಿ ಅಂತೀಯೇನೋ? ನಿನ್ನ ಮೂಗು ಒರೆಸಿ ಬೆಳೆಸಿದ ಕೈ ಕಣೋ ಇದು! ಆ ಕಾಗದಕ್ಕೇನು ಬಾಯಿದೆಯಾ?”

“ಗ್ರಾಫ್ ಸುಳ್ಳು ಹೇಳಲ್ಲಕ್ಕಾ,” ಎಂದರು ಮೇಷ್ಟ್ರು. ಆ ಮಾತು ಬಾಯಿಂದ ಜಾರಿದ ಕ್ಷಣವೇ ಅವರಿಗೆ ಆ ದಿನದ ಊಟ ಕೈತಪ್ಪಿದ್ದು ಗೊತ್ತಾಯಿತು.

ಕಂಡಕ್ಟರು ಕಾದಿದ್ದವನಂತೆ ಸ್ಪ್ಯಾನರ್ ತಂದು, ಮೇಷ್ಟ್ರ ಮನೆಯ ವಾಲ್ವನ್ನು ಕರಕರ ತಿರುಗಿಸಿ ಬಂದ್ ಮಾಡಿದ. ಹೊರಡುವ ಬಸ್ಸಿಗೆ ಸೀಟಿ ಹೊಡೆದಷ್ಟು ಖುಷಿ ಅವನಿಗೆ. ಅಕ್ಕ ಮೆಟ್ಟಿಲ ಮೇಲೇ ಕೂತಳು. “ನನ್ನ ಮಾನ ವಾಪಸ್ ಬರೋವರೆಗೂ ಏಳಲ್ಲ,” ಎಂದಳು. ಅಡುಗೆಮನೆಯಲ್ಲಿ ಮೇಷ್ಟ್ರು ನಲ್ಲಿ ತಿರುಗಿಸಿದರೆ ಅದು ಕೆಮ್ಮಿತು ಅಷ್ಟೆ. ಮಧ್ಯಾಹ್ನ ಅವರು ಬಿಸ್ಕತ್ತು ತಿಂದರು, ಒಣಗಂಟಲಲ್ಲಿ.

ಮೂರು ಗಂಟೆಗೆ ಕಾರ್ಯದರ್ಶಿಗಳು ಆಟೋ ಇಳಿದು ಓಡುತ್ತಾ ಬಂದರು. ಒಂದು ಕೈಯಲ್ಲಿ ಗ್ಲೂಕೋಸ್ ಪೊಟ್ಟಣ, ಇನ್ನೊಂದರಲ್ಲಿ ಕಾಗದ.

“ಅಂಟಿಸಿರೋದನ್ನ ಕೀಳ್ರೀ! ಅದು ನನ್ನ ಸಕ್ಕರೆ ಕಾಯಿಲೆ ಗ್ರಾಫು! ರಕ್ತದ ಸಕ್ಕರೆ ಅಳೆಯೋಕೆ ತೋಳಿಗೆ ಅಂಟಿಸಿದ ಯಂತ್ರದ್ದು! ಎರಡನ್ನೂ ಒಟ್ಟಿಗೆ ಪ್ರಿಂಟ್ ತೆಗೆಸಿದ್ದೆ, ಅದಲುಬದಲಾಗಿದೆ. ಡಾಕ್ಟರು ಟ್ಯಾಂಕಿನ ಗ್ರಾಫ್ ನೋಡಿ, ‘ಮಧ್ಯಾಹ್ನ ಎರಡಕ್ಕೆ ನಿಮ್ಮ ಸಕ್ಕರೆ ಸೊನ್ನೆಗೆ ಬಂದಿದೆ, ನೀವು ಬದುಕಿರೋದು ಹೇಗೆ?’ ಅಂತ ಎದ್ದು ನಿಂತುಬಿಟ್ರು!”

“ನಾನು ಹೇಳ್ಲಿಲ್ವಾ, ಹನಿ ನೀರು ಬರ್ಲಿಲ್ಲ ಅಂತ!” ಎಂದಳು ಟೈಲರಮ್ಮ.

ಅಕ್ಕ ಮೆಟ್ಟಿಲಿಂದ ಎದ್ದಳು. ಸೆರಗು ಕೊಡವಿಕೊಂಡು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಮೇಷ್ಟ್ರು ತಲೆ ತಗ್ಗಿಸಿ, ವಾಲ್ವ್ ತೆರೆಯಲು ಸ್ಪ್ಯಾನರಿಗೆ ಕೈ ಹಾಕಿದರು.

“ಇರಿ ಇರಿ ಮೇಷ್ಟ್ರೇ,” ಎಂದರು ಕಾರ್ಯದರ್ಶಿಗಳು. “ನಿಜವಾದ ಗ್ರಾಫ್ ಇಲ್ಲಿದೆ. ಓದೋಕೆ ಬರೋರು ನೀವೊಬ್ರೇ. ಓದಿ.”

ಮೇಷ್ಟ್ರು ಕಾಗದ ಹಿಡಿದರು. ಎಡದಿಂದ ಬಲಕ್ಕೆ ಓದಿದರು. ಕನ್ನಡಕ ತೆಗೆದು ಒರೆಸಿದರು. ಇನ್ನೊಮ್ಮೆ ಓದಿದರು.

“ಇದು... ಸ್ವಲ್ಪ ಕ್ಲಿಷ್ಟವಾಗಿದೆ. ಮೇಲಿನ ತರಗತಿಯ ಗಣಿತ. ರಜೆ ಮುಗೀಲಿ, ನಿಧಾನವಾಗಿ...”

“ಕೊಡಿ ಇಲ್ಲಿ,” ಎಂದು ಟೈಲರಮ್ಮ ಕಾಗದ ಕಸಿದುಕೊಂಡಳು. “ಎಡದಿಂದ ಬಲಕ್ಕೆ, ಅಲ್ವಾ? ಬೆಳಿಗ್ಗೆ ಐದಕ್ಕೆ ಏರಿದೆ, ಮೋಟರು. ಇಳಿಜಾರು ಎಲ್ಲಿ ಕಡಿದಾಗಿದೆಯೋ... ಅಯ್ಯೋ, ಇಲ್ಲಿ! ಆರರಿಂದ ಆರೂವರೆ. ಕತ್ತರೀಲಿ ಕತ್ತರಿಸಿದ ಹಾಗೆ ಅರ್ಧ ಟ್ಯಾಂಕು! ಸರಿಯಾಗಿ ಓದಿದ್ನಾ ಮೇಷ್ಟ್ರೇ?”

ಮೇಷ್ಟ್ರು ಬೆಳಿಗ್ಗೆ ಮೆಟ್ಟಿಲ ಮೇಲಿಟ್ಟಿದ್ದ ಹಾಲಿನ ಪಾತ್ರೆಯನ್ನು ಎತ್ತಿಕೊಂಡರು.

“ಆರು ಗಂಟೆಗೆ ಯಾರ್ರೀ ಎದ್ದಿರ್ತಾರೆ?” ಎಂದರು ಕಾರ್ಯದರ್ಶಿಗಳು.

“ಇವನೇ,” ಎಂದಳು ಅಕ್ಕ. ಬೆಳಗಿನಿಂದ ಮೊದಲ ಸಲ ಅವಳ ಮುಖ ಅರಳಿತು. “ದಿನಾ ಅರ್ಧ ಗಂಟೆ ಪೈಪ್ ಹಿಡಿದು ಸ್ಕೂಟರ್ ತೊಳೀತಾನೆ. ಗ್ರಾಫ್ ಸುಳ್ಳು ಹೇಳಲ್ಲ ಕಣೋ.”

ಕಂಡಕ್ಟರು ಉತ್ಸಾಹದಿಂದ ಸ್ಪ್ಯಾನರ್ ಎತ್ತಿಕೊಂಡು ವಾಲ್ವಿನ ಬಳಿ ಹೋದ. ಅದು ಬಂದ್ ಆಗಿಯೇ ಇತ್ತು. ಸ್ವಲ್ಪ ನಿರಾಸೆಯಿಂದಲೇ, ಇನ್ನೊಂದು ಸುತ್ತು ಬಿಗಿ ಮಾಡಿ ಬಂದ.