ಕಡಕ್ ರೊಟ್ಟಿಯೂ ಕುಮಟೆಯ ಗಾಳಿಯೂ

ಹೊಲ, ಬಂಗಾರ, ಓದಿದ ಮಕ್ಕಳು ಇದ್ದವರಿಗೆ ಸೊಕ್ಕು ಬರುತ್ತದಂತೆ. ನನಗೆ ರೊಟ್ಟಿಯಿಂದ ಬಂತು. ನಾನು ಬಡಿದ ಕಡಕ್ ರೊಟ್ಟಿ ತಿಂಗಳಾದರೂ ಕಡಕ್. ಅಥಣಿಯ ನಮ್ಮ ಮನೆಯಲ್ಲಿ ಅದನ್ನು ಮುರಿದರೆ ಆಚೆ ಓಣಿಯವರಿಗೆ ನಮ್ಮ ಊಟದ ಹೊತ್ತು ಗೊತ್ತಾಗುತ್ತದೆ. ಈಚೆಗೆ ಫೋನಿನಲ್ಲಿ ಕನ್ನಡ ಒತ್ತಲು ಕಲಿತ ಮೇಲೆ ಈ ಸಂಗತಿಯನ್ನು ಬೀಗರಿಗೆಲ್ಲ ಬರೆದು ಕಳಿಸುವ ಚಟವೂ ಹತ್ತಿತು. ಒಂದೇ ಬೆರಳಿನಲ್ಲಿ ಒತ್ತುತ್ತೇನೆ. ಸೊಕ್ಕಿಗೆ ಒಂದು ಬೆರಳು ಸಾಕು.

ಸೊಸೆ ನೀಲವ್ವನ ರೊಟ್ಟಿ ಮಾತ್ರ ಪ್ರತಿ ಮಳೆಗಾಲಕ್ಕೆ ಮೆತ್ತಗಾಗುತ್ತಿತ್ತು. "ಹವಾ ತಂಪ ಐತ್ರಿ ಅತ್ತಿ, ಅದಕ ಹಿಂಗಾಗ್ಯಾವು" ಅನ್ನುತ್ತಿದ್ದಳು. "ಹವಾ ಏನ್ ನಿನ್ನ ಜೋಡಿ ಒಲಿ ಮುಂದ ಕುಂತಿತ್ತೇನು? ಕೈಯಾಗ ಕಸುವಿಲ್ಲ ಅನ್ನು" ಎಂದು ನಾನು ಇಪ್ಪತ್ತೈದು ವರ್ಷ ಅಂದಿದ್ದೇನೆ. ಮೊಣಕಾಲು ನೋವೆಂದು ಮಳೆಗಾಲದಲ್ಲಿ ನಾನು ಒಲೆಯ ಹತ್ತಿರ ಹೋಗುವುದೇ ಇಲ್ಲ ಎಂಬ ಸಣ್ಣ ವಿಷಯ ಆಗ ನೆನಪಾಗುತ್ತಿರಲಿಲ್ಲ.

ನೀಲವ್ವನ ಮಗಳು, ನನ್ನ ಮೊಮ್ಮಗಳು ಸವಿತಾಳನ್ನು ಕುಮಟೆಗೆ ಕೊಟ್ಟಿದ್ದೇವೆ. ನನ್ನ ಬರಹ ಓದಿ ಓದಿ ಅಲ್ಲಿಯ ಬೀಗತಿ ಶಾರದಮ್ಮ ಈ ಬೇಸಿಗೆಯಲ್ಲಿ ನನ್ನನ್ನು ಕರೆದರು. ಭಾನುವಾರ ಅವರ ಬಳಗದ ಹನ್ನೆರಡು ಮಂದಿ ನನ್ನ ರೊಟ್ಟಿ ಉಣ್ಣಲೆಂದೇ ಬರುವವರಿದ್ದರು. ಐವತ್ತು ರೊಟ್ಟಿ ಅರಿವೆಯಲ್ಲಿ ಕಟ್ಟಿದೆ. "ಡಬ್ಬಿಯಾಗ ಹಾಕ್ಕೊಂಡ ಹೋಗ್ರಿ ಅತ್ತಿ" ಅಂದಳು ನೀಲವ್ವ. "ಅರಿವಿಯಾಗ ಇಟ್ಟರ ರೊಟ್ಟಿ ಉಸಿರಾಡತಾವು. ನಿನಗೇನ ತಿಳೀತದ" ಅಂದೆ.

ಹುಬ್ಬಳ್ಳಿ ದಾಟಿ ಎಷ್ಟೋ ಹೊತ್ತಿಗೆ ಕಪ್ಪು ಮಣ್ಣಿನ ಎರಿಹೊಲ ಮುಗಿದು ಕಾಡು ಬಂತು. ಆಮೇಲೆ ಬಸ್ಸು ಸುತ್ತಿ ಸುತ್ತಿ ಘಟ್ಟ ಇಳಿಯಿತು. ಕೆಳಗೆ ಹೋದಂತೆ ಯಾರೋ ಮುಖಕ್ಕೆ ಹಸಿ ಬಟ್ಟೆ ಹಿಡಿದ ಹಾಗಾಯಿತು. ಕುಮಟೆಯಲ್ಲಿ ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ನಡುವೆ ಹೊಳೆ. ನೆಲ ಎಲ್ಲಿ ಮುಗಿಯಬೇಕು, ನೀರು ಎಲ್ಲಿ ಶುರುವಾಗಬೇಕು ಎಂಬುದನ್ನು ಅವೆರಡೂ ಇನ್ನೂ ಮಾತಾಡಿ ಮುಗಿಸಿಲ್ಲ. ಶನಿವಾರ ಬೆಳಿಗ್ಗೆ ಒಗೆದು ಹಾಕಿದ ನನ್ನ ಸೀರೆ ಸಂಜೆಗೂ ಹಸಿಯಾಗಿಯೇ ಇತ್ತು. ಅಥಣಿಯಲ್ಲಾದರೆ ಒಂದು ಸೆರಗು ಹರವುವುದರೊಳಗೆ ಇನ್ನೊಂದು ಒಣಗಿರುತ್ತದೆ. ಈ ಊರಿನ ಬಿಸಿಲಿಗೆ ಕಸುವಿಲ್ಲ ಅಂದುಕೊಂಡೆನೇ ಹೊರತು ರೊಟ್ಟಿಯ ಗಂಟಿನ ನೆನಪಾಗಲಿಲ್ಲ.

ಭಾನುವಾರ ಬೀಗತಿಯ ಎದುರೇ ಗಂಟು ಬಿಚ್ಚಿ, ಸದ್ದು ಕೇಳಿಸೋಣವೆಂದು ಮೇಲಿನ ರೊಟ್ಟಿ ಮುರಿದೆ. ಅದು ಮುರಿಯಲಿಲ್ಲ. ಕರವಸ್ತ್ರದಂತೆ ಮಡಿಚಿಕೊಂಡಿತು. ನಡುವಿನದು ತೆಗೆದೆ, ಅಡಿಯದು ತೆಗೆದೆ. ಎಲ್ಲವೂ ಅಷ್ಟೇ ವಿನಯವಂತ. ಉಸಿರಾಡಲಿ ಎಂದು ಬಿಟ್ಟಿದ್ದೆನಲ್ಲ, ಊರಿನ ಗಾಳಿಯನ್ನೆಲ್ಲ ಕುಡಿದು ಕೂತಿದ್ದವು.

"ಆಯಿ, ಮಂದಿ ಬರೂ ಹೊತ್ತಾತು. ಏನ್ ಮಾಡೂಣು?" ಸವಿತಾಳ ಮುಖ ಸಪ್ಪಗಾಗಿತ್ತು. ನನ್ನ ಸೊಕ್ಕು ಹೋದರೆ ಹೋಗಲಿ, ಆ ಮನೆಯಲ್ಲಿ ಬಾಳಬೇಕಾದವಳು ಅವಳು. "ನನಗ ಜ್ವರ ಬಂದೈತಿ ಅಂತ ಹೇಳಿಬಿಡ" ಅಂದೆ. "ಜ್ವರ ರೊಟ್ಟಿಗೂ ಬಂದೈತೇನು?" ಅಂದಳು.

ಶಾರದಮ್ಮ ನಗುತ್ತ ಉಪ್ಪಿನ ಭರಣಿ ತಂದು ತೋರಿಸಿದರು. ಉಪ್ಪು ಅರ್ಧ ನೀರಾಗಿತ್ತು. "ಉಪ್ಪು ಬೆಳೆಯೋ ಗದ್ದೆ ಇಲ್ಲೇ ಹತ್ತಿರ ಇದೆ ಅಮ್ಮ. ಆದರೂ ನಮ್ಮನೆ ಉಪ್ಪಿನ ಗತಿ ನೋಡಿ. ಇದು ನಿಮ್ಮ ಕೈ ತಪ್ಪಲ್ಲ, ಸಮುದ್ರದ ಗಾಳಿ. ನಮ್ಮ ಹಪ್ಪಳಕ್ಕೂ ಇದೇ ಹಣೆಬರಹ. ಕಾವಲಿ ಇಡ್ತೇನೆ, ಬನ್ನಿ."

ಇಬ್ಬರೂ ಒಲೆ ಮುಂದೆ ಕೂತು, ಸಣ್ಣ ಉರಿಯಲ್ಲಿ ಒಂದೊಂದನ್ನೇ ಬಟ್ಟೆಯಿಂದ ಒತ್ತಿ ಕಾಯಿಸಿ, ತಣಿಯುತ್ತಲೇ ಡಬ್ಬಿಗೆ ಹಾಕಿದೆವು. ಮೊದಲನೆಯದು ಟಪ್ಪೆಂದು ಮುರಿದಾಗ ನನಗೆ ಹೋದ ಜೀವ ಬಂದಂತಾಯಿತು. ಊಟಕ್ಕೆ ಹನ್ನೆರಡು ಬಾಯಿ ಒಟ್ಟಿಗೆ ಕಟಕಟ ಅಂದವು. ಸಮುದ್ರದ ಸದ್ದು ಸ್ವಲ್ಪ ಹೊತ್ತು ಕೇಳಿಸಲೇ ಇಲ್ಲ. ಸವಿತಾ ಮೂರು ರೊಟ್ಟಿ ತಿಂದಳು.

ಹಗುರಾಗಿ ಅಥಣಿಗೆ ಬಂದೆ. ಆದರೆ ನನಗಿಂತ ಮೊದಲೇ ಸವಿತಾಳ ಫೋನು ಬಂದು ಮುಟ್ಟಿತ್ತು. ನೀಲವ್ವ ಬಾಗಿಲಲ್ಲಿ ನೀರಿನ ತಂಬಿಗೆ ಕೊಟ್ಟು ಮೆಲ್ಲಗೆ ಕೇಳಿದಳು, "ಯಾಕ್ರಿ ಅತ್ತಿ, ಅಲ್ಲಿ ಹವಾ ನಿಮ್ಮ ಜೋಡಿ ಒಲಿ ಮುಂದ ಕುಂತಿತ್ತಂತಲ್ಲ?"

"ಸ್ವಲ್ಪ ಜೋರಾಗಿ ಹೇಳ ಬೇ" ಅಂದೆ. "ಬಸ್ಸಿನ ಕಿಡಕಿ ಬಾಜೂ ಕುಂತಿದ್ನಿ. ಕಿವಿ ತುಂಬ ಹವಾ ಹೊಕ್ಕೈತಿ, ಏನೂ ಕೇಳಸವಲ್ದು."