ದೊಡ್ಡಮನೆಯ ಗ್ರೈಂಡರು

ಪರದೇಶದ ಲೊರೆಶೋ ಬಡಾವಣೆಯ ಆ ಕಾಂಪೌಂಡಿನಲ್ಲಿ ಇಡ್ಲಿ ಹಿಟ್ಟು ರುಬ್ಬುವ ಹಕ್ಕು ದೊಡ್ಡಮನೆಗೆ ಮಾತ್ರ ಇತ್ತು. ಅದನ್ನು ಮೀರಿದ್ದೇ ಉಮಾಕಾಂತ ಮಾಡಿದ ತಪ್ಪು.

ದೊಡ್ಡಮನೆಯೆಂದರೆ ಹಳೆಯ ಕಾಫಿ ಎಸ್ಟೇಟಿನ ಬಂಗಲೆ. ಅದರ ಒಡತಿ, ಎಪ್ಪತ್ತು ದಾಟಿದ ಓಲಿಂಡಾ ಬಾಯಿ, ತೋಟವಿದ್ದ ಜಾಗದಲ್ಲಿ ಆರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಬೋರ್‌ವೆಲ್ ನೀರು ಬಿಡುವುದು ಅವರ ಅಪ್ಪಣೆಯ ಮೇಲೆ. ಬೆಣ್ಣೆಹಣ್ಣು ಯಾರ ಅಂಗಳಕ್ಕೆ ಬಿದ್ದರೂ ಅವರದೇ. ಶನಿವಾರ ಬೆಳಿಗ್ಗೆ ಮನೆಗೊಬ್ಬರಂತೆ ಹೋಗಿ ಅವರ ಬೇಲಿ ಸವರಬೇಕು. ಎಲ್ಲಕ್ಕೂ ಒಂದೇ ಮೀಟರ್ ಇದ್ದುದರಿಂದ ಗ್ರೈಂಡರೂ ಒಂದೇ, ದೊಡ್ಡಮನೆಯ ವೆರಾಂಡದಲ್ಲಿ. ರುಬ್ಬಿಕೊಂಡವರು ಒಂದು ಬಟ್ಟಲು ಹಿಟ್ಟು ಅಲ್ಲೇ ಬಿಟ್ಟು ಬರಬೇಕು. ಓಲಿಂಡಾ ಬಾಯಿ ಇದ್ದದ್ದು ಒಬ್ಬರೇ; ಅವರ ಫ್ರಿಜ್ಜಿನಲ್ಲಿ ಮಾತ್ರ ಸದಾ ಮದುವೆಮನೆಗಾಗುವಷ್ಟು ಹಿಟ್ಟು.

ಉಮಾಕಾಂತ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಗ್ರಾಮಾಡಳಿತದ ತಜ್ಞ. ವಾರವೆಲ್ಲ ಹಳ್ಳಿಹಳ್ಳಿ ಸುತ್ತಿ ‘ನಿಮ್ಮ ಹಕ್ಕು ನೀವು ಕೇಳಿ’ ಎಂದು ಕಲಿಸಿ ಬಂದು, ಶನಿವಾರ ಬೇಲಿ ಸವರುತ್ತಿದ್ದ. ಕೊನೆಗೆ ತಡೆಯಲಾರದೆ ಒಂದು ಪುಟ್ಟ ಗ್ರೈಂಡರ್ ಕೊಂಡು, ಹಸುಗೂಸಿನ ಹಾಗೆ ಶಾಲಿನಲ್ಲಿ ಸುತ್ತಿ ಗೇಟು ದಾಟಿಸಿದ. ಮಾರನೆಯ ದಿನ ಶನಿವಾರ, ಬೆಳಿಗ್ಗೆ ಏಳಕ್ಕೆ ಸ್ವಿಚ್ ಒತ್ತಿದ. ಗ್ರೈಂಡರ್ ಎರಡು ಸುತ್ತು ತಿರುಗಿತು. ಇಡೀ ಕಾಂಪೌಂಡಿನ ಕರೆಂಟು ಹೋಯಿತು.

ಪಕ್ಕದ ಮನೆಯ ರೊಯ್ಸ್ಟನ್ ಅರ್ಧ ಗಡ್ಡ ಬೋಳಿಸಿಕೊಂಡ ಮುಖದಲ್ಲೇ ಬಂದ.

“ಉಮಾಕಾಂತ್ ಸರ್, ಎಂತ ಅದು ಶಬ್ದ?”

“ಯಾವ ಶಬ್ದ?”

“ಉದ್ದು ತಿರುಗುವ ಶಬ್ದ.”

ಹತ್ತು ನಿಮಿಷದಲ್ಲಿ ಉಳಿದ ಮನೆಯವರೂ ಸೇರಿದರು. ಮೊದಲು ಎಲ್ಲರೂ ಬೈದರು. ಆಮೇಲೆ, ದೊಡ್ಡಮನೆಯ ದರ್ಬಾರು ತಮಗೂ ಸಾಕಾಗಿದೆಯೆಂದು ಒಬ್ಬೊಬ್ಬರೇ ಪಿಸುಗುಟ್ಟಿದರು.

“ಯಾರಾದರೂ ಹೋಗಿ ಕೇಳಬೇಕು ಮಾರಾಯ್ರೆ,” ಎಂದ ರೊಯ್ಸ್ಟನ್. “ನೀವು ತಿಳಿದವರು. ನಾವೆಲ್ಲ ನಿಮ್ಮ ಹಿಂದೆ ಇದ್ದೇವೆ.”

“ಸವಾ, ಸವಾ,” ಎಂದು ಎಲ್ಲರೂ ಅಲ್ಲಿಯ ಸ್ವಾಹಿಲಿಯಲ್ಲೇ ಸರಿಯೆಂದು ತಲೆಯಾಡಿಸಿದರು.

ಹಿಂದೆ ಇದ್ದದ್ದೇನೋ ನಿಜ. ಸುಮಾರು ಮೂವತ್ತು ಅಡಿ ಹಿಂದೆ.

ವೆರಾಂಡದಲ್ಲಿ ಚಾ ಕುಡಿಯುತ್ತಿದ್ದ ಓಲಿಂಡಾ ಬಾಯಿಯ ಮುಂದೆ ಉಮಾಕಾಂತ ಗಂಟಲು ಸರಿಮಾಡಿಕೊಂಡ. “ಮೇಡಂ, ಕಾಂಪೌಂಡ್ ನಡೆಸೋಕೆ ಎಲೆಕ್ಷನ್ ಆಗ್ಬೇಕು. ಗೆದ್ದೋರು ರೂಲ್ಸ್ ಮಾಡ್ಲಿ.”

ಮನೆ ಖಾಲಿ ಮಾಡಿ ಎಂಬ ಮಾತಿಗೆ ಅವನು ಸಿದ್ಧನಾಗಿದ್ದ.

“ಆಗಲಿ,” ಎಂದರು ಅವರು. “ಇವತ್ತು ಊಟ ಆದ ಮೇಲೆ ಇಡಿ. ನನಗೂ ಒಂದು ಓಟು ಉಂಟಲ್ಲ?”

ಮನೆಗೊಂದರಂತೆ ಏಳು ಓಟು, ಬಿಸ್ಕತ್ತಿನ ಡಬ್ಬಿಯೇ ಮತಪೆಟ್ಟಿಗೆ. ಒಬ್ಬ ಅಭ್ಯರ್ಥಿ ಉಮಾಕಾಂತ. ಮರ್ಯಾದೆಗೆ ಇರಲಿ ಎಂದು ಓಲಿಂಡಾ ಬಾಯಿಯ ಹೆಸರನ್ನೂ ಸೇರಿಸಿದರು. ತನ್ನ ಮನೆಯ ಓಟನ್ನು ಉಮಾಕಾಂತ ಹೆಂಡತಿ ವಿನೋದಿನಿಗೆ ಬಿಟ್ಟುಕೊಟ್ಟ. ಮಹಿಳೆಯರ ಪಾಲ್ಗೊಳ್ಳುವಿಕೆ ಬಗ್ಗೆ ಅವನು ದಿನವಿಡೀ ಪಾಠ ಮಾಡುವವನು.

ದೊಡ್ಡಮನೆಯ ವೆರಾಂಡದಲ್ಲೇ ರೊಯ್ಸ್ಟನ್ ಚೀಟಿ ಎಣಿಸಿದ. ಉಮಾಕಾಂತ, ಒಂದು. ಓಲಿಂಡಾ ಬಾಯಿ, ಆರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ರೊಯ್ಸ್ಟನ್ನೇ.

“ಅಂತೂ ನೀನೊಬ್ಳಾದ್ರೂ ನನಗೆ ಹಾಕಿದ್ಯಲ್ಲ,” ಎಂದ ಉಮಾಕಾಂತ, ಹೆಂಡತಿಯ ಪಕ್ಕಕ್ಕೆ ಸರಿದು.

“ನಾನ್ಯಾಕ್ರೀ ಹಾಕ್ಲಿ? ನೀವು ಗೆದ್ರೆ ದಿನಾ ನಮ್ಮನೇಲೇ ಮೀಟಿಂಗು. ನಾನು ಅವರಿಗೇ ಹಾಕ್ದೆ.”

ಉಮಾಕಾಂತ ಮನಸ್ಸಿನಲ್ಲೇ ಇನ್ನೊಮ್ಮೆ ಎಣಿಸಿದ. ಲೆಕ್ಕ ಕೂಡಲಿಲ್ಲ.

“ಆ ಒಂದು ನನ್ನದು,” ಎಂದರು ಓಲಿಂಡಾ ಬಾಯಿ. “ಮೂವತ್ತು ವರ್ಷದಿಂದ ಇವರನ್ನೆಲ್ಲ ಸುಧಾರಿಸಿ ಸಾಕಾಗಿದೆ ಮಾರಾಯ್ರೆ. ನೀವು ಗೆದ್ದರೆ ಮಗಳ ಮನೆಗೆ ಹೋಗಿ ಆರಾಮ ಇರುವ ಅಂತ ಇದ್ದೆ. ಜನ ಬಿಡುವುದಿಲ್ಲ, ಎಂತ ಮಾಡುದು?” ಅವನನ್ನು ಮರುಕದಿಂದ ನೋಡಿದರು. “ನಿಮಗೆ ಆಡಳಿತ ಅಂದರೆ ಇಷ್ಟ ಉಂಟು. ಇವತ್ತಿನಿಂದ ಇಲ್ಲಿಯ ತಕರಾರೆಲ್ಲ ನೀವೇ ನೋಡಿ.”

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ರೊಯ್ಸ್ಟನ್ ನಿಂತಿದ್ದ. ಈ ಸಲ ಉಳಿದ ನಾಲ್ಕು ಮನೆಯವರು ಅವನ ಬೆನ್ನಿಗೇ ಅಂಟಿಕೊಂಡಿದ್ದರು.

“ಸರ್, ಒಂದು ಕಂಪ್ಲೇಂಟ್ ಉಂಟು. ಎಲೆಕ್ಷನ್‌ನಲ್ಲಿ ಏನೋ ಮೋಸ ಆಗಿದೆ,” ಎಂದ ರೊಯ್ಸ್ಟನ್. “ನಾವೆಲ್ಲ ನಿಮಗೇ ಹಾಕಿದ್ದು.”